ಅರಮನೆ ತೋಟದಲ್ಲಿ ತಲೆಯಾಡಿಸಿದ್ದು

ಮಾರ್ಚ್ ೫, ಮಂಗಳವಾರ

ಇವತ್ತು ಕ್ಲಾಸು ಇತ್ತು. ಆಸ್ಪತ್ರೆಯ ಹಿಂಭಾಗದ ಉದ್ದನೆಯ ಕೋಣೆಯಲ್ಲಿ, ಧ್ವನಿಪೆಟ್ಟಿಗೆ ತೆಗೆಸಿಕೊಂಡ ನಾವೊಂದಿಷ್ಟು ಜನ ಸುತ್ತ ಕುಳಿತು, ಸಣ್ಣ ಟಾರ್ಚಿನಂಥ ಯಂತ್ರವನ್ನು ಕುತ್ತಿಗೆಗೆ ಒತ್ತಿಕೊಂಡು 'ಅಪ್ಪ', 'ಅಕ್ಕ', 'ಹಗ್ಗ' ಎಂದು ಗುಂಯ್‌ಗುಟ್ಟುವುದು. ಅರವತ್ತು ದಾಟಿದ ಮೇಲೆ ಮತ್ತೆ ಒಂದನೇ ತರಗತಿ. ಡಬ್ಬಿಯೊಳಗೆ ದುಂಬಿ ಸಿಕ್ಕಿಹಾಕಿಕೊಂಡ ಹಾಗೆ ಸದ್ದು. ಏರಿಲ್ಲ, ಇಳಿವಿಲ್ಲ. ಸಿಟ್ಟಿನಲ್ಲಿ ಹೇಳಿದರೂ ಅದೇ, ಪ್ರೀತಿಯಲ್ಲಿ ಹೇಳಿದರೂ ಅದೇ.

ನನ್ನ ಯಂತ್ರ ಆ ಕೋಣೆಯಲ್ಲಿ ಮತ್ತು ನಮ್ಮ ಮನೆಯಲ್ಲಿ ಬಿಟ್ಟರೆ ಬೇರೆಲ್ಲೂ ಚೀಲದಿಂದ ಹೊರಗೆ ಬಂದದ್ದಿಲ್ಲ. ಅಂಗಡಿಯಲ್ಲಿ ಚೀಟಿ ಬರೆದು ಕೊಡುತ್ತೇನೆ. ಬಸ್ಸಿನಲ್ಲಿ ಟಿಕೆಟ್ ಕೇಳುವುದು ಇವಳು, ನನ್ನ ಹೆಂಡತಿ. ಹಳೆಯ ಪೀಠೋಪಕರಣಗಳ ಹರಾಜು ಕೂಗುತ್ತಿದ್ದವನು ನಾನು. ಕೊನೆಯ ಸಾಲಿನಲ್ಲಿ ತೂಕಡಿಸುತ್ತಿದ್ದವನೂ ನನ್ನ 'ಎರಡನೇ ಸಲ' ಕೇಳಿ ಎಚ್ಚೆತ್ತು ಕೈಯೆತ್ತುತ್ತಿದ್ದ. ಆ ಗಂಟಲಿನ ಜಾಗದಲ್ಲಿ ಈಗ ತೂತು. ಉಸಿರು ಅಲ್ಲಿಂದಲೇ ಹೋಗಿ ಅಲ್ಲಿಂದಲೇ ಬರುತ್ತದೆ.

ಟೀಚರ್ ಇವತ್ತು ಖುಷಿಯಲ್ಲಿದ್ದರು. "ಹದಿನೇಳನೇ ತಾರೀಕು ಭಾನುವಾರ, ಹಳೇ ಅರಮನೆ ತೋಟದಲ್ಲಿ ಸಂಘದವರು ಸಹಾಯಾರ್ಥ ಚಹಾಕೂಟ ಇಟ್ಕೊಂಡಿದಾರೆ. ದಾನಿಗಳು ಬರ್ತಾರೆ. ಸಂಗ್ರಹ ಆಗಿದ್ದೆಲ್ಲ ಮಾತಿನ ಯಂತ್ರ ಕೊಳ್ಳೋಕೆ. ನೀವೆಲ್ಲ ಬರ್ಬೇಕು. ಒಬ್ಬರು ವೇದಿಕೆ ಮೇಲೆ ಎರಡು ಮಾತು ಆಡ್ಬೇಕು" ಎಂದು ನನ್ನ ಕಡೆ ನೋಡಿದರು. ನಾನು ಚೀಟಿಯ ಮೇಲೆ 'ಬೇಡ' ಎಂದು ಬರೆದು ಎತ್ತಿ ಹಿಡಿದೆ. ಕ್ಲಾಸಿನಲ್ಲೂ ಚೀಟಿ!

"ನಾನು ಆಡ್ತೀನಿ ಬಿಡಿ ಟೀಚರ್" ಎಂದ ಹಾರ್ನಣ್ಣ.

ಹಾರ್ನಣ್ಣ ಲಾರಿ ಓಡಿಸುತ್ತಿದ್ದವನು. ಈಗ ಸರಕಿನ ಅಂಗಳದಲ್ಲಿ ನಿಂತು ಹಿಂದೆ ಸರಿಯುವ ಲಾರಿಗಳಿಗೆ 'ಬಾ, ಬಾ, ಬಾ, ಸಾಕು' ಹೇಳುವ ಕೆಲಸ. ಯಂತ್ರಕ್ಕೆ ಅವನಿಟ್ಟ ಹೆಸರು ಹಾರ್ನ್. ಆ ಹೆಸರನ್ನು ಜನ ಅವನಿಗೇ ಅಂಟಿಸಿದ್ದಾರೆ. "ಇದ್ರ ಸದ್ದಿಗೆ ಲಾರಿನೇ ಹೆದರಿ ನಿಲ್ಲುತ್ತೆ ಸಾರ್" ಎನ್ನುತ್ತಾನೆ. ಬಸ್ಸಿನಲ್ಲಿ, ಹೋಟೆಲಿನಲ್ಲಿ, ಬೀದಿಯಲ್ಲಿ, ಎಲ್ಲೆಂದರಲ್ಲಿ ತೆಗೆದು ಊದುತ್ತಾನೆ. ಅವನ ಪಕ್ಕ ನಡೆಯುವಾಗ ನಾನು ನಾಲ್ಕು ಹೆಜ್ಜೆ ಹಿಂದೆ ಉಳಿಯುತ್ತೇನೆ. ಅವನು ಗಮನಿಸಿದ್ದಾನೋ ಇಲ್ಲವೋ.

ಮಾರ್ಚ್ ೧೨, ಮಂಗಳವಾರ

ಕ್ಲಾಸು ಮುಗಿದ ಮೇಲೆ ಹಾರ್ನಣ್ಣ ನನ್ನನ್ನು ಜಗಲಿಯಲ್ಲಿ ಕೂರಿಸಿಕೊಂಡ. "ಸಾರ್, ನೀವು ಸಭೆ ಆಳಿದೋರು. ಎಲ್ಲಿ ನಿಲ್ಲಿಸ್ಬೇಕು, ಎಲ್ಲಿ ಏರಿಸ್ಬೇಕು, ಹೇಳ್ಕೊಡಿ."

ಏರಿಸುವುದು ನಮ್ಮ ಕೈಯಲ್ಲಿಲ್ಲ, ನಿಲ್ಲಿಸುವುದು ಮಾತ್ರ ಇದೆ ಎಂದೆ. ಒಂದು ವಾಕ್ಯ ಮುಗಿದ ಮೇಲೆ ಯಂತ್ರ ಕೆಳಗಿಳಿಸಿ, ಜನರ ಮುಖ ನೋಡಿ, ಮತ್ತೆ ಎತ್ತಬೇಕು. ಅವಸರ ಮಾಡಿದರೆ ಎಲ್ಲ ಕಲಸಿ ಗಂಜಿಯಾಗುತ್ತದೆ. ಅವನು ಹಾಗೇ ಮಾಡಿದ. ಕೆಲಸ ಹೇಳಿಕೊಡುವುದರಲ್ಲಿ ನನಗೂ ಹೊತ್ತು ಹೋದದ್ದು ತಿಳಿಯಲಿಲ್ಲ. ಜಗಲಿಯಲ್ಲಿ ಯಾರೂ ಇರಲಿಲ್ಲ ಎನ್ನುವುದನ್ನೂ ಬರೆಯಬೇಕು. ನರ್ಸೊಬ್ಬಳು ಬಂದಾಗ ಯಂತ್ರ ಜೇಬಿಗಿಳಿಸಿದೆ.

"ನೀವು ಮುಂದಿನ ಸಾಲಲ್ಲೇ ಇರ್ಬೇಕು ಸಾರ್. ನಿಮ್ಮ ಮುಖ ನೋಡ್ಕೊಂಡು ಹೇಳ್ಬಿಡ್ತೀನಿ. ಬೇರೆಯವರ ಮುಖ ನೋಡಿದ್ರೆ ನಾಲಿಗೆ ಒಣಗುತ್ತೆ."

ಇರುತ್ತೇನೆ ಎಂದೆ. ಕೈ ಮೇಲೆ ಕೈ ಇಟ್ಟು ಹೇಳಿದೆ.

ಹರಾಜು ಮನೆಯ ಯಜಮಾನರು ಇವಳಿಗೆ ಫೋನ್ ಮಾಡಿದ್ದರಂತೆ. ಕೂಗುವುದು ಬೇಡ, ಒಳಗೆ ಕೂತು ಸಾಮಾನಿಗೆ ಬೆಲೆ ಕಟ್ಟಿದರೆ ಸಾಕು ಎಂದರಂತೆ. ಗೋದಾಮಿನ ಹುಡುಗರು ನನ್ನ ಹಳೆಯ ಗಂಟಲು ಕೇಳಿದವರು. ಆಗಲಿ ನೋಡೋಣ ಎಂದು ಬರೆದು ಕೊಟ್ಟೆ. ಇವಳು ಚೀಟಿ ಓದದೆಯೇ ಮಡಚಿ ಇಟ್ಟಳು.

ಮಾರ್ಚ್ ೧೬

ನಾಳೆಗೆಂದು ಇವಳು ಬೂದುಬಣ್ಣದ ಕೋಟು ಇಸ್ತ್ರಿ ಮಾಡಿದ್ದಾಳೆ. ಕುತ್ತಿಗೆಗೆ ರೇಷ್ಮೆಯ ಸ್ಕಾರ್ಫ್. ಕನ್ನಡಿಯಲ್ಲಿ ನೋಡಿಕೊಂಡೆ. ಬಾಯಿ ಬಿಡದಿದ್ದರೆ ಏನೂ ಆಗದವನ ಹಾಗೇ ಕಾಣುತ್ತೇನೆ.

ಮಾರ್ಚ್ ೧೭, ಭಾನುವಾರ

ಹೋಗಿ ಬಂದೆವು. ಬರೆಯಲಾರೆ.

ಮಾರ್ಚ್ ೧೮, ಸೋಮವಾರ

ಬರೆದುಬಿಡುತ್ತೇನೆ. ಯಾರಿಗೂ ಹೇಳಲಾಗದ್ದನ್ನು ಇಲ್ಲಿಯಾದರೂ ಹೇಳದಿದ್ದರೆ ಈ ಹಾಳೆಗಳಾದರೂ ಯಾಕೆ?

ಅರಮನೆಯಲ್ಲಿ ಈಗ ಯಾರೂ ವಾಸವಿಲ್ಲ. ಟಿಕೆಟ್ ತೆಗೆದುಕೊಂಡು ಒಳಗೆ ಹೋಗಿ ರಾಜನ ಮಂಚ, ರಾಣಿಯ ಕನ್ನಡಿ ನೋಡಿಕೊಂಡು ಬರುವಂಥ ಅರಮನೆ. ಅದರ ಹಿಂದಿನ ತೋಟದಲ್ಲಿ ಬಿಳಿಬಟ್ಟೆ ಹಾಸಿದ ಮೇಜುಗಳು, ಪಿಂಗಾಣಿ ಬಟ್ಟಲುಗಳು. ಮರಗಳೆಲ್ಲ ಎಲೆ ಕಾಣದಷ್ಟು ಹೂ ಬಿಟ್ಟಿದ್ದವು. ಬಂದವರು 'ಆಹಾ, ಏನು ಪರಿಮಳ' ಎಂದು ಮುಖ ಮೇಲೆತ್ತುತ್ತಿದ್ದರು. ಉಸಿರು ಮೂಗಿನಿಂದ ಹೋಗದವನಿಗೆ ಪರಿಮಳ ಎಲ್ಲಿಂದ ಬರಬೇಕು? ನಾನೂ ಮುಖ ಮೇಲೆತ್ತಿದೆ.

ಬಾಗಿಲಲ್ಲಿ ರೋಗಿಗಳ ಎದೆಗೆ ಹಳದಿ ರಿಬ್ಬನ್ ಚುಚ್ಚುತ್ತಿದ್ದರು, ದಾನಿಗಳು ಗುರುತು ಹಿಡಿದು ಮಾತಾಡಿಸಲಿ ಎಂದು. ಹತ್ತು ಹೆಜ್ಜೆ ನಡೆದು, ಮರದ ಮರೆಯಲ್ಲಿ ಅದನ್ನು ಬಿಚ್ಚಿ ಜೇಬಿಗೆ ಹಾಕಿಕೊಂಡೆ. ಇವಳು ಅಷ್ಟರಲ್ಲಿ ಬಟ್ಟಲು ಜೋಡಿಸಲು ಟೀಚರ್ ಹಿಂದೆ ಹೋಗಿದ್ದಳು.

ಜನ ತಪ್ಪಿಸಿಕೊಳ್ಳಲು ಅರಮನೆಯ ಮೊಗಸಾಲೆ ಹತ್ತಿದೆ. ಅಲ್ಲಿ ಕೆತ್ತನೆಯ ಕುರ್ಚಿಗಳನ್ನು ಸಾಲಾಗಿ ಇಟ್ಟಿದ್ದರು. ಹಳೆಯ ಚಟ, ಬಗ್ಗಿ ಒಂದರ ಅಡಿಭಾಗ ನೋಡಿದೆ. ಎದ್ದರೆ ಮುತ್ತಿನ ಸರ ಹಾಕಿಕೊಂಡ ಒಬ್ಬ ಹೆಂಗಸು ನಗುತ್ತ ನಿಂತಿದ್ದರು. "ಹಳೇ ಸಾಮಾನಿನ ಹುಚ್ಚು ನಿಮಗೂ ಇದೆಯಾ?"

ತಲೆಯಾಡಿಸಿದೆ, ಹೌದೆಂದು.

"ಇದು ಅಸಲೀನಾ?"

ಕುರ್ಚಿಯನ್ನು ಸ್ವಲ್ಪ ವಾಲಿಸಿ, ಕಾಲಿನ ಸಂದಿನಲ್ಲಿದ್ದ ಹೊಸ ತಿರುಪನ್ನು ಬೆರಳಿನಿಂದ ತೋರಿಸಿದೆ. ಅವರು ಚಪ್ಪಾಳೆ ತಟ್ಟುವುದೊಂದು ಬಾಕಿ. "ನಾನು ಅಂದ್ಕೊಂಡೆ! ನಮ್ಮನೆಯವರು ಇದ್ದಿದ್ರೆ ನಿಮ್ಮನ್ನ ಇವತ್ತು ಬಿಡ್ತಾನೇ ಇರಲಿಲ್ಲ." ಆಮೇಲೆ ಮುಂದಿನ ಕುರ್ಚಿ, ಅದರಾಚೆಯ ಪೆಟ್ಟಿಗೆ, ಗೋಡೆಯ ಗಡಿಯಾರ. ನಾನು ತೋರಿಸುತ್ತಿದ್ದೆ, ಅವರು ಹೇಳುತ್ತಿದ್ದರು. "ನೀವು ಮಾತು ಕಡಿಮೆ ಅಂತ ಕಾಣುತ್ತೆ. ಒಳ್ಳೇದೇ ಬಿಡಿ. ಇಲ್ಲಿ ಎಲ್ಲರೂ ಮಾತಾಡೋರೇ."

ಎಷ್ಟೋ ಕಾಲವಾಗಿತ್ತು, ಒಬ್ಬರು ನನ್ನ ಕುತ್ತಿಗೆ ನೋಡದೆ ಕಣ್ಣು ನೋಡಿ ಮಾತಾಡಿ. ಬಿಸಿಲಿಗೆ ಬೆನ್ನು ಕೊಟ್ಟು ಕುಳಿತ ಬೆಕ್ಕಿನ ಹಾಗೆ ಸುಖವಾಗಿತ್ತು.

ಆಗ ಕೆಳಗಿನಿಂದ ಆ ಸದ್ದು.

"ಸಾರ್, ಇಲ್ಲಿದೀರಾ! ಇಡೀ ತೋಟ ಹುಡುಕಿದೆ ನಿಮ್ಮನ್ನ!"

ಹಾರ್ನಣ್ಣ ಮೆಟ್ಟಿಲು ಹತ್ತಿ ಬರುತ್ತಿದ್ದ. ಯಾರದೋ ಕೋಟು, ತೋಳು ಬೆರಳಿನವರೆಗೆ ಇಳಿದಿತ್ತು. ಎದೆಯ ಮೇಲೆ ಹಳದಿ ರಿಬ್ಬನ್. ಸುತ್ತಲಿದ್ದವರೆಲ್ಲ ತಿರುಗಿದರು. "ನನ್ನ ಭಾಷಣ ಒಂದ್ಸಲ ಕೇಳಿಬಿಡಿ ಸಾರ್. ಇನ್ನೇನು ಕರೀತಾರೆ."

ಮುತ್ತಿನ ಸರದವರು ಅರ್ಧ ಹೆಜ್ಜೆ ಹಿಂದೆ ಸರಿದು, ನನ್ನ ಕಡೆ ಬಾಗಿ ಮೆಲ್ಲಗೆ ಕೇಳಿದರು. "ನಿಮಗೆ ಗೊತ್ತಿರೋರಾ ಇವರು?"

ನಾನು ತಲೆಯಾಡಿಸಿದೆ. ಇಲ್ಲವೆಂದು.

ಯೋಚಿಸಿ ಮಾಡಿದ್ದಲ್ಲ ಎಂದು ಬರೆಯಲು ಹೊರಟಿದ್ದೆ. ಸುಳ್ಳು. ಒಂದು ಉಸಿರಿನಷ್ಟು ಹೊತ್ತು ಯೋಚಿಸಿದೆ, ಆಮೇಲೆಯೇ ಆಡಿಸಿದೆ.

ಹಾರ್ನಣ್ಣ ಯಂತ್ರವನ್ನು ಕುತ್ತಿಗೆಯ ಮೇಲೇ ಇಟ್ಟುಕೊಂಡು ನಿಂತ. ನನ್ನ ಸ್ಕಾರ್ಫ್ ನೋಡಿದ, ರಿಬ್ಬನ್ ಇಲ್ಲದ ಎದೆ ನೋಡಿದ, ಮುತ್ತಿನ ಸರದವರನ್ನು ನೋಡಿದ. ಅವನಿಗೆ ಎಲ್ಲ ಅರ್ಥವಾಯಿತು. "ತಪ್ಪಾಯ್ತು ಸಾರ್. ಬೇರೆ ಯಾರೋ ಅಂದ್ಕೊಂಡೆ" ಎಂದ. ನನ್ನ ಮಾನ ಕಾಯ್ದು, ಮೆಟ್ಟಿಲಿಳಿದು ಹೋದ.

"ಪಾಪ" ಎಂದರು ಅವರು. "ಇಂಥವರಿಗೋಸ್ಕರ ತಾನೇ ನಾವೆಲ್ಲ ಬಂದಿರೋದು."

ಅದಕ್ಕೂ ಹೌದೆಂದು ತಲೆಯಾಡಿಸಿದೆ.

ವೇದಿಕೆಗೆ ಕರೆದರು. ಅವನು ಮುಂದಿನ ಸಾಲಿನ ಮೇಲೆ ಕಣ್ಣಾಡಿಸಿದ. ನಾನು ಮೊಗಸಾಲೆಯ ಕಂಬದ ಹತ್ತಿರ ನಿಂತಿದ್ದೆ. "ಎಲ್ಲರಿಗೂ ನಮಸ್ಕಾರ" ಎಂದ. ಆಮೇಲೆ ಕೈ ಎಲ್ಲೋ ಜಾರಿತು, ಯಂತ್ರ ಗಂಟಲಿಗೆ ಸರಿಯಾಗಿ ಕೂರಲಿಲ್ಲ. ಮಾತಿಲ್ಲದೆ ಬರೀ ಗುಂಯ್ ಎಂಬ ಸದ್ದು, ಅದಕ್ಕೆ ಮೈಕಿನ ಕಿರುಚಾಟ ಬೇರೆ. ಯಾವುದೋ ಮಗು ಅದೇ ಸದ್ದನ್ನು ಅಣಕಿಸಿತು. ಕೆಲವರು ನಕ್ಕರು, ಕೆಲವರು ಶ್ ಎಂದರು. ಅವನು ಇನ್ನೊಮ್ಮೆ ಎತ್ತಿದ, ಒತ್ತಿದ, ಇಳಿಸಿದ. ಕೈಮುಗಿದು ಕೆಳಗಿಳಿದುಬಿಟ್ಟ. ಭಾಷಣ ಮುಗಿಸಿದ್ದರೂ ಅಷ್ಟು ಚಪ್ಪಾಳೆ ಬೀಳುತ್ತಿರಲಿಲ್ಲ.

ಮುತ್ತಿನ ಸರದವರ ಜೊತೆ ನಾನೂ ತಟ್ಟಿದೆ.

ತಿರುಗಿದರೆ ಇವಳು ಎರಡು ಬಟ್ಟಲು ಚಹಾ ಹಿಡಿದು ಮೆಟ್ಟಿಲ ಬುಡದಲ್ಲಿ ನಿಂತಿದ್ದಳು. ಯಾವಾಗಿನಿಂದಲೋ. ಚಹಾದ ಮೇಲೆ ಕೆನೆ ಕಟ್ಟಿತ್ತು.

ಬಸ್ಸಿನಲ್ಲಿ ಎಂದಿನಂತೆ ಅವಳೇ ಟಿಕೆಟ್ ಕೇಳಿದಳು. ಮನೆಯ ಬೀಗ ತೆಗೆಯುತ್ತ, ನನ್ನ ಕಡೆ ನೋಡದೆ ಕೇಳಿದಳು. "ಆ ಮೆಟ್ಟಿಲು ನಾನು ಹತ್ತಿ ಬಂದಿದ್ರೆ, ನನ್ನನ್ನೂ ಗೊತ್ತಿಲ್ಲ ಅಂತಿದ್ರೇನ್ರೀ?"

ಮಾನ ಹರಾಜಾಗುವುದು ನಾಲ್ಕು ಜನರ ಮುಂದೆ ಎಂದುಕೊಂಡಿದ್ದೆ. ಯಾರಿಗೂ ಗೊತ್ತಾಗದ ಹಾಗೂ ಆಗುತ್ತದೆ.

ಮಾರ್ಚ್ ೧೯, ಮಂಗಳವಾರ

ಕ್ಲಾಸು. ಟೀಚರ್ ಕುಣಿಯುವುದೊಂದು ಬಾಕಿ, ನಿರೀಕ್ಷೆಗಿಂತ ಹೆಚ್ಚು ಯಂತ್ರ ಬರುತ್ತವಂತೆ. ಹಾರ್ನಣ್ಣನ ಕುರ್ಚಿ ಖಾಲಿ. "ವೇದಿಕೆ ಮೇಲೆ ಗಾಬರಿ ಆದ್ರು ಪಾಪ. ಮುಂದಿನ ವಾರ ಬರ್ತಾರೆ" ಎಂದರು.

ಖಾಲಿ ಕುರ್ಚಿ ಕಂಡಾಗ ಮೊದಲು ಆದದ್ದು ಸಮಾಧಾನ. ಅಷ್ಟು ಹೊಲಸು ಮನಸ್ಸು.

ಮಾರ್ಚ್ ೨೨

ನೆಪಗಳನ್ನು ಹೆಣೆಯುತ್ತ ಕುಳಿತೆ. ಬಿಸಿಲು ಕಣ್ಣಿಗೆ ಬೀಳುತ್ತಿತ್ತು. ಕನ್ನಡಕ ಇರಲಿಲ್ಲ. ಆ ಹೆಂಗಸು ಏನು ಕೇಳಿದರೋ ತಿಳಿಯಲಿಲ್ಲ. ಕನ್ನಡಕದ್ದನ್ನು ಇವಳ ಮೇಲೆ ಪ್ರಯೋಗ ಮಾಡಿದೆ.

"ಮೂಗಿನ ಮೇಲೇ ಇತ್ತಲ್ಲ" ಎಂದಳು.

ಮಾರ್ಚ್ ೨೬, ಮಂಗಳವಾರ

ಇವತ್ತೂ ಬರಲಿಲ್ಲ. ಕ್ಲಾಸು ಮುಗಿದ ಮೇಲೆ ಟೀಚರ್ ನನ್ನನ್ನು ನಿಲ್ಲಿಸಿಕೊಂಡರು. ಹಾರ್ನಣ್ಣನ ಹೆಂಡತಿ ಫೋನ್ ಮಾಡಿದ್ದರಂತೆ. ಅವನು ಅಂಗಳದ ಕೆಲಸಕ್ಕೂ ಹೋಗುತ್ತಿಲ್ಲವಂತೆ. ಯಂತ್ರ ವಾಪಸು ಕೊಡುತ್ತಾನಂತೆ, ಬೇರೆ ಯಾರಿಗಾದರೂ ಕೊಡಿ ಎಂದು.

"ಎಲ್ಲರಿಗಿಂತ ಚೆನ್ನಾಗಿ ಕಲಿತೋರು ಅವರು. ಏನಾಯ್ತು ಅಂತಾನೇ ಅರ್ಥ ಆಗ್ತಿಲ್ಲ. ನೀವಿಬ್ರೂ ಹತ್ತಿರದೋರಲ್ವಾ, ನಿಮ್ಮ ಹತ್ರ ಏನಾದ್ರೂ ಹೇಳಿದ್ರಾ?"

ಇಲ್ಲವೆಂದು ತಲೆಯಾಡಿಸಿದೆ. ಈ ತಲೆಗೆ ಬೇರೆ ಕೆಲಸವೇ ಇಲ್ಲ.

ಅವನು ನನ್ನ ಮೇಲೆ ಸಿಟ್ಟಾಗಿರುತ್ತಾನೆ, ಬೈಯುತ್ತಾನೆ ಎಂದು ಹೆದರುತ್ತಿದ್ದೆ. ಅವನು ಸಿಟ್ಟಾಗುವ ಬದಲು ನನ್ನ ನಾಚಿಕೆಯನ್ನು ತನ್ನದು ಮಾಡಿಕೊಂಡು ಮೂಲೆಯಲ್ಲಿ ಕುಳಿತಿದ್ದಾನೆ.

ಮಾರ್ಚ್ ೨೭, ಬುಧವಾರ

ಇವಳು ಜೊತೆಗೆ ಬರುತ್ತೇನೆಂದಳು. ಬೇಡವೆಂದೆ. ಅವನ ಮನೆ ಎಲ್ಲಿ ಎಂದು ಗೊತ್ತಿರಲಿಲ್ಲ, ಸರಕಿನ ಅಂಗಳದ ಹೆಸರಷ್ಟೇ ಗೊತ್ತಿದ್ದದ್ದು. ನಾನು ಹತ್ತಿದ ಬಸ್ಸು ಅಲ್ಲಿಯವರೆಗೆ ಹೋಗುವುದಿಲ್ಲ. ಎಲ್ಲಿ ಇಳಿಯಬೇಕೆಂದು ಕಂಡಕ್ಟರನ್ನು ಕೇಳಿದೆ, ಸೇತುವೆಯ ಹತ್ತಿರ ಎಂದ. ಸೇತುವೆಯ ಬಳಿ ಹಣ್ಣು ಮಾರುವವಳನ್ನು ಕೇಳಿದೆ, ಎಡಕ್ಕೆ ಎಂದಳು. ಎಡಕ್ಕೆ ಹೋದರೆ ರಸ್ತೆ ಅಗೆದಿದ್ದರು. ಸುತ್ತಿಕೊಂಡು ಹೋಗಬೇಕಾಯಿತು.

ಅಂಗಳದ ಕಾವಲುಗಾರ ಕಿವಿ ಮುಂದೆ ತಂದು, "ಏನಂದ್ರಿ? ಇನ್ನೊಂದ್ಸಲ ಹೇಳಿ" ಎಂದ. ಮತ್ತೆ ಹೇಳಿದೆ. ಮೂಟೆ ಹೊರುತ್ತಿದ್ದವನೊಬ್ಬ, "ಲೋ, ಇನ್ನೊಂದು ಹಾರ್ನ್ ಬಂತು ಕಣ್ರೋ!" ಎಂದು ಕೂಗಿದ. ನಾಲ್ಕಾರು ಜನ ಕೆಲಸ ಬಿಟ್ಟು ಬಂದರು. ಹಾರ್ನಣ್ಣನ ಜಾಗಕ್ಕೆ ಸೀಟಿ ಊದುವ ಒಬ್ಬನನ್ನು ನಿಲ್ಲಿಸಿದ್ದಾರಂತೆ. ಮೊನ್ನೆ ಅವನ ಸೀಟಿ ಕೇಳದೆ ಲಾರಿಯೊಂದು ಗೋಡೆಗೆ ಗುದ್ದಿತಂತೆ. "ಅವನಿದ್ದಿದ್ರೆ ಹಿಂಗಾಗ್ತಿರಲಿಲ್ಲ. ಎಲ್ಲಿ ಹೋದ ಅವನು? ಹುಷಾರಿಲ್ವಾ?" ಎಂದು ನನ್ನನ್ನೇ ಕೇಳಿದರು. ಮನೆಯ ದಾರಿ ಅವರೇ ಹೇಳಿದರು, ಮತ್ತೆ ಬಸ್ಸು ಹತ್ತಿ ಹೋಗಬೇಕಾದ ಕಡೆ, ಸೈಕಲ್ ರಿಪೇರಿ ಅಂಗಡಿಯ ಮಹಡಿ.

ಬಾಗಿಲು ತೆಗೆದದ್ದು ಅವನ ಹೆಂಡತಿ. ನನ್ನ ಕೈಯಲ್ಲಿದ್ದ ಯಂತ್ರ ನೋಡಿದ್ದೇ ಮುಖ ಅರಳಿತು. "ಕ್ಲಾಸಿನೋರಾ? ಬನ್ನಿ ಅಣ್ಣಾ, ಬನ್ನಿ. ರೀ, ನಿಮ್ಮ ಸ್ನೇಹಿತರು ಬಂದಿದಾರೆ ನೋಡಿ!"

ಹಾರ್ನಣ್ಣ ಕಿಟಕಿಯ ಹತ್ತಿರ ಕುಳಿತು ಬೆಳ್ಳುಳ್ಳಿ ಸುಲಿಯುತ್ತಿದ್ದ. ನನ್ನನ್ನು ನೋಡಿದ. ಗುರುತಿಲ್ಲದವನ ಹಾಗೇನೂ ನೋಡಲಿಲ್ಲ. ಕುರ್ಚಿ ತೋರಿಸಿದ. ಮತ್ತೆ ಬೆಳ್ಳುಳ್ಳಿಗೆ ಕೈ ಹಾಕಿದ.

ಅವನ ಹೆಂಡತಿ ಚಹಾ ತಂದು ಕೊಟ್ಟು, ಅಲ್ಲೇ ಗೋಡೆಗೆ ಒರಗಿ ನಿಂತರು. "ಆ ಅರಮನೆಯಿಂದ ಬಂದೋರು ಹಾರ್ನ್ ಮುಟ್ಟಿಲ್ಲ ಅಣ್ಣಾ. ಬೀರುವಿನ ಮೇಲೆ ಎಸೆದಿದಾರೆ. ಏನು ಕೇಳಿದ್ರೂ ಕೈಸನ್ನೆ. ಅಲ್ಲಿ ಯಾರೋ ಏನೋ ಅಂದಿರ್ಬೇಕು. ನೀವೂ ಅಲ್ಲೇ ಇದ್ರಲ್ಲ, ಯಾರು ಅಣ್ಣಾ ಅಂದಿದ್ದು?"

ಹೇಳಲಿಲ್ಲ. ಅವನು ನನ್ನನ್ನೇ ನೋಡುತ್ತಿದ್ದ, ಆದರೂ ಹೇಳಲಿಲ್ಲ. ಜನ ಜಾಸ್ತಿ ಇದ್ದರು, ಗೊತ್ತಾಗಲಿಲ್ಲ ಎಂದೆ. ಚಹಾ ಪೂರ್ತಿ ಕುಡಿದು, ಎದ್ದು ಬಂದೆ.

ಮನೆಗೆ ಬಂದಾಗ ಇವಳು, "ಮನೆ ಹೇಗೆ ಸಿಕ್ತು?" ಎಂದಳು.

"ಕೇಳ್ಕೊಂಡು ಹೋದೆ."

"ಯಾರನ್ನ?"

ದಾರಿಯಲ್ಲಿ ಸಿಕ್ಕವರನ್ನು, ಎಂದೆ. ಅವಳು ಸೌಟು ಹಿಡಿದುಕೊಂಡು ಸ್ವಲ್ಪ ಹೊತ್ತು ನನ್ನನ್ನೇ ನೋಡಿದಳು. ಏನು ಎಂದರೆ ಏನಿಲ್ಲ ಎಂದಳು. ನನ್ನ ಹೇಡಿತನ ಮುಖದ ಮೇಲೆ ಕಾಣುತ್ತಿದ್ದಿರಬೇಕು.

ಮಾರ್ಚ್ ೩೦, ಶನಿವಾರ

ಹೇಳಿದೆ.

ಕೂರಲಿಲ್ಲ. ಚಹಾ ಬೇಡವೆಂದೆ. ಹೊಸ್ತಿಲ ಒಳಗೆ ನಿಂತೇ ಅವನ ಹೆಂಡತಿಗೆ ಹೇಳಿದೆ. "ಯಾರೂ ಏನೂ ಅನ್ನಲಿಲ್ಲಮ್ಮಾ. ಇವರು ನನ್ನ ಹತ್ರ ಬಂದ್ರು. ಗೊತ್ತಾ ಇವರು ಅಂತ ಒಬ್ಬರು ಕೇಳಿದ್ರು. ತಲೆಯಾಡಿಸಿ ಗೊತ್ತಿಲ್ಲ ಅಂದೆ. ಮುಂದಿನ ಸಾಲಲ್ಲಿರ್ತೀನಿ ಅಂತ ಮಾತು ಕೊಟ್ಟಿದ್ದೆ, ಅದನ್ನೂ ಮಾಡಲಿಲ್ಲ."

ಅವರಿಗೆ ಮೊದಲು ಅರ್ಥವಾಗಲಿಲ್ಲ. ಗಂಡನ ಕಡೆ ನೋಡಿದರು. ಅವನು ಕಿಟಕಿಯಾಚೆ ನೋಡುತ್ತಿದ್ದ. ಆಮೇಲೆ ಅರ್ಥವಾಯಿತು.

"ನೀವಾ?" ಎಂದರು. "ಅಣ್ಣಾ ಅಂತ ಕರೆದು ಚಹಾ ಕೊಟ್ಟೆನಲ್ಲ ಮೊನ್ನೆ. ಕುಡಿದು, ಬಾಯಿ ಒರೆಸ್ಕೊಂಡು ಹೋದ್ರಲ್ಲ!"

ತಲೆ ತಗ್ಗಿಸಿದೆ.

"ಗಂಟಲು ಕೊಯ್ದಾಗ ಇವರು ಕಣ್ಣೀರು ಹಾಕಲಿಲ್ಲ. ಆ ಯಂತ್ರ ಬಂದ ದಿನ ಕಿಟಕಿಯಲ್ಲಿ ನಿಂತು ನನ್ನ ಹೆಸರು ಹಿಡಿದು ಇಡೀ ಬೀದಿಗೆ ಕೇಳೋ ಹಾಗೆ ಕೂಗಿದ್ರು. ನಂಗೆ ನಾಚಿಕೆ ಆಗಿ ಒಳಗೆ ಓಡಿ ಹೋಗಿದ್ದೆ. ಕಾಯಿಲೆಗೆ ಜಗ್ಗದೋರು ನಿಮ್ಮ ತಲೆ ಒಂದ್ಸಲ ಆಡಿದ್ದಕ್ಕೆ ಜಗ್ಗಿಬಿಟ್ರು. ಊರಿಗೆಲ್ಲ ನಿಮ್ಮನ್ನ 'ಸಾರು, ಸಾರು' ಅಂತ ಹೊಗಳ್ತಿದ್ರು, ಗೊತ್ತಾ ನಿಮಗೆ? ನಮ್ಮ ಸಾರ್ ಹೇಳ್ಕೊಟ್ರು, ನಮ್ಮ ಸಾರ್ ಹಂಗಂದ್ರು." ಅವರು ಬಾಗಿಲು ಪೂರ್ತಿ ತೆರೆದರು. "ಹೋಗಿ. ಎದ್ದು ಹೋಗಿ" ಎಂದರು. ನಾನು ಕೂತೇ ಇರಲಿಲ್ಲ.

ಮೆಟ್ಟಿಲಿಳಿಯುವಾಗ ಸೈಕಲ್ ಅಂಗಡಿಯವನು ಮೇಲೆ ನೋಡುತ್ತಿದ್ದ. ಅವನಿಗೂ ಎಲ್ಲ ಕೇಳಿಸಿತ್ತು.

ಏಪ್ರಿಲ್ ೨, ಮಂಗಳವಾರ

ಹಾರ್ನಣ್ಣನ ಯಂತ್ರ ಯಾರಿಗೂ ಕೊಡಬೇಡಿ ಎಂದು ಟೀಚರಿಗೆ ಹೇಳಿದೆ. ಯಾಕೆ ಎಂದರು. ಯಾಕೆಂದು ಎಲ್ಲರ ಮುಂದೆ ಹೇಳಿದೆ. ಟೀಚರ್ ಹಾಜರಿ ಪುಸ್ತಕ ತೆಗೆದು ಹೆಸರು ಕೂಗತೊಡಗಿದರು. ಬೈದಿದ್ದರೆ ಚೆನ್ನಾಗಿತ್ತು.

ಏಪ್ರಿಲ್ ೪, ಗುರುವಾರ

ಮತ್ತೆ ಹೋದೆ. ಅವನ ಹೆಂಡತಿ ಬಾಗಿಲು ತೆಗೆದರು. ಬನ್ನಿ ಎನ್ನಲಿಲ್ಲ, ಹೋಗಿ ಎನ್ನಲಿಲ್ಲ. ಬಾಗಿಲು ತೆರೆದೇ ಬಿಟ್ಟು ಅಡುಗೆಮನೆಗೆ ಹೋದರು.

ಹಾರ್ನಣ್ಣ ಮುರಿದ ಸ್ಟೂಲಿನ ಕಾಲಿಗೆ ಅಂಟು ಹಚ್ಚುತ್ತಿದ್ದ. ನೆಲದ ಮೇಲೆ ಕುಳಿತು ಸ್ಟೂಲು ಹಿಡಿದುಕೊಂಡೆ. ಬೇಡವೆನ್ನಲಿಲ್ಲ. ಅಂಟು ಒಣಗುವವರೆಗೆ ಇಬ್ಬರೂ ಸುಮ್ಮನೆ ಇರುವುದು ಹೇಗೆ? ಏನಾದರೂ ಹೇಳಬೇಕಲ್ಲ. ತಪ್ಪಾಯಿತು ಎನ್ನುವುದನ್ನು ಎಷ್ಟು ಸಲ ಹೇಳಿದರೂ ಈ ಯಂತ್ರದಲ್ಲಿ ಅದು 'ಅಪ್ಪ, ಅಕ್ಕ, ಹಗ್ಗ'ದ ಹಾಗೇ ಕೇಳುತ್ತದೆ. ಅದಕ್ಕೇ ಹರಾಜಿನ ಕಥೆಗಳನ್ನು ಹೇಳಿದೆ. ಸೀನಿದ್ದನ್ನು ಬೆಲೆ ಕೂಗಿದ್ದೆಂದು ತಿಳಿದು ಒಬ್ಬ ಪಾದ್ರಿಯ ತಲೆಗೆ ಸ್ನಾನದ ತೊಟ್ಟಿ ಕಟ್ಟಿದ್ದು, ಹೆಣ್ಣುಮಗಳೊಬ್ಬಳು ತನ್ನದೇ ಅಜ್ಜಿಯ ಮಂಚವನ್ನು ಗುರುತಿಸದೆ ಬಿಟ್ಟು, ಆಮೇಲೆ ಗೇಟಿನವರೆಗೆ ಅದರ ಹಿಂದೆ ಓಡಿದ್ದು. ಅವನು ತಲೆಯೆತ್ತಲಿಲ್ಲ.

ಆಮೇಲೆ ಗಂಡ ಹೆಂಡತಿಯ ಕಥೆ ಶುರು ಮಾಡಿದೆ. ಇಬ್ಬರಿಗೂ ಒಂದೇ ಬೀರು ಮೇಲೆ ಕಣ್ಣು. ಒಬ್ಬರಿಗೊಬ್ಬರು ಹೇಳದೆ, ಅಚ್ಚರಿ ಮಾಡಬೇಕೆಂದು ಬಂದು, ಗಂಡ ಮುಂದಿನ ಸಾಲಿನಲ್ಲಿ, ಹೆಂಡತಿ ಹಿಂದಿನ ಕಂಬದ ಮರೆಯಲ್ಲಿ ಕುಳಿತಿದ್ದರು. ನಾನು ಎತ್ತರದಲ್ಲಿದ್ದೆ, ನನಗೆ ಇಬ್ಬರೂ ಕಾಣುತ್ತಿದ್ದರು, ಆದರೆ ಗಂಡ ಹೆಂಡತಿ ಎಂದು ಗೊತ್ತಿಲ್ಲ. ಅವನು ಕೈಯೆತ್ತಿ ಏರಿಸುತ್ತಾನೆ, ಅವಳೂ ಕೈಯೆತ್ತಿ ಏರಿಸುತ್ತಾಳೆ. ಯಾವಳೋ ಹಟಮಾರಿ ಎಂದು ಅವನು ಹಲ್ಲು ಕಡಿಯುತ್ತಾನೆ, ಯಾವನೋ ದುರಹಂಕಾರಿ ಎಂದು ಅವಳು ಗೊಣಗುತ್ತಾಳೆ. ಸಭೆಗೆಲ್ಲ ಮಜಾ. ಬೀರುವಿನ ಬೆಲೆ ಮನೆಯ ಬೆಲೆಗೆ ಬಂತು. ನಾನು ಸುತ್ತಿಗೆ ಎತ್ತಿದೆ...

ಅಷ್ಟರಲ್ಲಿ ನನ್ನ ಯಂತ್ರದ ಬ್ಯಾಟರಿ ಮುಗಿಯಿತು.

ಬಾಯಿ ಆಡುತ್ತಿದೆ, ಸದ್ದಿಲ್ಲ. ತಟ್ಟಿದೆ, ಕುಲುಕಿದೆ. ಉಹುಂ. ಹಾರ್ನಣ್ಣ ತಲೆಯೆತ್ತಿದ. ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ಯಾವಾಗಲೋ ನಿಂತಿತ್ತು. ಅವನ ಹೆಂಡತಿ ಬಾಗಿಲಿಗೆ ಬಂದು, "ಆಮೇಲೆ?" ಎಂದರು, ನನ್ನ ಮೇಲಿನ ಸಿಟ್ಟು ಮರೆತು.

ನಾನು ಕೈಗಳನ್ನು ಅಗಲಿಸಿದೆ.

ಹಾರ್ನಣ್ಣ ಎದ್ದ. ಬೀರುವಿನ ಮೇಲೆ ಕೈಯಾಡಿಸಿ ತನ್ನ ಯಂತ್ರ ತೆಗೆದ, ಲುಂಗಿಯ ಅಂಚಿನಿಂದ ಧೂಳು ಒರೆಸಿದ, ಗುಂಡಿ ಒತ್ತಿ ನೋಡಿದ, ನನ್ನ ಕೈಗೆ ಕೊಟ್ಟ. ಅವನ ಯಂತ್ರದಲ್ಲಿ ನಾನು ಕಥೆ ಮುಗಿಸಿದೆ. ಗಂಡನ ಪಾಲಾಯಿತು ಎಂದು ಸುತ್ತಿಗೆ ಬಡಿದದ್ದು, ಅವನು ಗೆದ್ದ ಹುರುಪಿನಲ್ಲಿ ಹಿಂದೆ ತಿರುಗಿ ಸೋತವಳ ಮುಖ ನೋಡಿದ್ದು, ಅಲ್ಲೇ ಬೀರುವಿನೊಳಗೆ ಹೋಗಿ ಬಾಗಿಲು ಹಾಕಿಕೊಂಡದ್ದು.

ಅವನ ಭುಜ ಕುಲುಕಿತು. ಕುತ್ತಿಗೆಯಿಂದ ಗಾಳಿ ಬುಸ್ ಬುಸ್ ಎಂದಿತು. ನಮ್ಮ ಜಾತಿಯವರ ನಗು ಅದು. ಅವನ ಪಾಲಿನ ಸದ್ದನ್ನೂ ಸೇರಿಸಿ ಅವನ ಹೆಂಡತಿ ನಕ್ಕರು.

ಅವನು ಕೈ ಚಾಚಿದ. ಯಂತ್ರ ಕೊಟ್ಟೆ. ಕುತ್ತಿಗೆಯ ಮೇಲೆ ಜಾಗ ಹುಡುಕಲು ಸ್ವಲ್ಪ ತಡಕಾಡಿದ.

"ಕ್ಲಾಸಲ್ಲಿ ಬಾಯಿ ಬಿಡ್ತಿರಲಿಲ್ಲ ನೀವು. ಇಲ್ಲಿ ಬಂದು ತಲೆ ತಿಂದುಹಾಕಿದ್ರಲ್ಲ ಸಾರ್."

ಹೌದೆಂದು ತಲೆಯಾಡಿಸಿದೆ.

"ಕ್ಷಮಿಸಿದೀನಿ ಅಂತ ತಿಳ್ಕೋಬೇಡಿ. ಮೆಟ್ಟಿಲು ಇಳೀತಾ ಇದ್ನಲ್ಲ, ಆಗ ಅನ್ನಿಸ್ತು, ನಾನು ಇಷ್ಟು ದಿನ ಊದಿದ್ದೆಲ್ಲ ನಮ್ಮ ಸಾರ್‌ಗೂ ನಾಚಿಕೆ ತರೋ ಸದ್ದೇ ಆಗಿತ್ತಾ ಅಂತ. ಅದು ಹೋಗಲ್ಲ ಸಾರ್. ಇನ್ನೂ ಇದೆ."

ಬರಿಬಾಯಿಯಲ್ಲಿ, ಸದ್ದಿಲ್ಲದೆ, ತಿಳಿದುಕೊಳ್ಳುವುದಿಲ್ಲ ಎಂದೆ. ಅವನು ತುಟಿ ಓದಿದ. ತುಟಿ ಓದುವುದು ನಮಗೆಲ್ಲ ಅಭ್ಯಾಸ.

ಏಪ್ರಿಲ್ ೮, ಸೋಮವಾರ

ಬೆಳಿಗ್ಗೆ ಹರಾಜು ಮನೆಗೆ ಫೋನ್ ಮಾಡಿ ಮುಂದಿನ ವಾರದಿಂದ ಬರುತ್ತೇನೆ ಎಂದೆ. ಯಜಮಾನರು ರಾಂಗ್ ನಂಬರ್ ಎಂದು ಎರಡು ಸಲ ಇಟ್ಟುಬಿಟ್ಟರು. ಮೂರನೇ ಸಲ ಸರಿಯಾಯಿತು. ಆಮೇಲೆ ಹಾರ್ನಣ್ಣನ ಜೊತೆ ಅಂಗಳಕ್ಕೆ ಹೋದೆ. ಒಬ್ಬನೇ ಹೋಗಲು ಅವನಿಗೆ ಧೈರ್ಯ ಸಾಲದು ಎಂದಿದ್ದ. ಮೇಸ್ತ್ರಿ ಸ್ವಲ್ಪ ಬೈದ, ಆಮೇಲೆ ನಾಳೆ ಮಧ್ಯಾಹ್ನದ ಪಾಳಿಗೆ ಬಾ ಎಂದ. ಸೀಟಿಯವನು ತಾನಾಗಿಯೇ ಸೀಟಿ ತೆಗೆದು ಜೇಬಿಗೆ ಹಾಕಿಕೊಂಡ. ಅವನಿಗೂ ಸಾಕಾಗಿತ್ತೆಂದು ಕಾಣುತ್ತದೆ.

ಇದೆಲ್ಲ ಒಳ್ಳೆಯದೇ ಆಯಿತು. ಬರುವಾಗ ಬಸ್ಸಿನಲ್ಲಿ ಆದದ್ದನ್ನು ಹೇಗೆ ಬರೆಯುವುದು?

ಜನ ತುಂಬಿದ್ದರು. ನಾನು ನಮ್ಮ ಸ್ಟಾಪಿಗೆ ಟಿಕೆಟ್ ಕೇಳಿದೆ, ಹಾರ್ನಣ್ಣ ತನ್ನ ಸ್ಟಾಪಿಗೆ ಕೇಳಿದ. ಕಂಡಕ್ಟರ್ ಇಬ್ಬರ ಮುಖವನ್ನೂ ನೋಡಿ, "ಒಂದೇ ದನಿ! ಅಣ್ಣ ತಮ್ಮಂದಿರಾ?" ಎಂದ.

"ಅಣ್ಣ ತಮ್ಮ ಎಲ್ಲಿಂದ ಬಂತು ಕಂಡಕ್ಟರೇ" ಎಂದ ಹಾರ್ನಣ್ಣ. "ನಾನು ಯಾರು ಅಂತಾನೇ ಗೊತ್ತಿಲ್ಲ ಅಂದಿದಾರೆ ಇವರು."

ಶುರು ಮಾಡಿದ. ಅರಮನೆ, ತೋಟ, ಯಾರದೋ ಕೋಟು, ಮೆಟ್ಟಿಲು, ಮುತ್ತಿನ ಸರ. ಒಂದನ್ನೂ ಬಿಡಲಿಲ್ಲ. ಒಂದೊಂದು ವಾಕ್ಯಕ್ಕೂ ಯಂತ್ರ ಇಳಿಸಿ, ಸುತ್ತಲಿನ ಮುಖಗಳನ್ನು ನೋಡಿ, ಮತ್ತೆ ಎತ್ತುತ್ತಿದ್ದ. ಮುಂದೆ ಕುಳಿತವರು ತಿರುಗಿದರು, ನಿಂತವರು ಹತ್ತಿರ ಸರಿದರು. ನಾನು ಕಂಬಿ ಹಿಡಿದು ಕಿಟಕಿಯಾಚೆ ನೋಡುತ್ತಿದ್ದೆ. ನಮ್ಮ ಸ್ಟಾಪು ಇನ್ನೂ ದೂರ.

ಬುಟ್ಟಿಯೊಂದನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದ ಅಜ್ಜಿಯೊಬ್ಬಳು ನನ್ನ ತೋಳು ತಟ್ಟಿದಳು. "ನಿಜಾನೇನಪ್ಪಾ?"

ಚೀಲದಿಂದ ಯಂತ್ರ ತೆಗೆದೆ. "ನಿಜ ಅಮ್ಮಾ."

"ಜೋರಾಗಿ ಹೇಳಿ ಸಾರ್" ಎಂದ ಹಾರ್ನಣ್ಣ. "ಹಿಂದಿನೋರಿಗೆ ಕೇಳಿಸ್ಲಿಲ್ಲ."

ಯಂತ್ರದ ಸದ್ದನ್ನು ಪೂರ್ತಿ ಏರಿಸಿದೆ. "ನಿಜ. ಎದುರಿಗೆ ನಿಂತಿದ್ರು. ಗೊತ್ತಿಲ್ಲ ಅಂದೆ."

ಹಿಂದಿನ ಸೀಟಿನಿಂದ ಯಾರೋ ಥೂ ಎಂದರು.

"ನಾಚಿಕೆ ಆಗ್ಲಿಲ್ವೇನಪ್ಪಾ ನಿನಗೆ?" ಎಂದಳು ಅಜ್ಜಿ.

"ಆಯ್ತು. ಈಗಲೂ ಆಗ್ತಿದೆ."

ಅಜ್ಜಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಆಮೇಲೆ ಬುಟ್ಟಿಯನ್ನು ಸ್ವಲ್ಪ ಸರಿಸಿಕೊಂಡು, ಕೂತ್ಕೋ ಎಂದು ಸೀಟಿನ ತುದಿಯಲ್ಲಿ ಜಾಗ ಮಾಡಿದಳು. ಕುಳಿತೆ. ಇಳಿಯುವವರೆಗೂ ಬೈದಳು. ಅವಳ ಮಗ, ಸೊಸೆ, ಅಳಿಯ, ಎಲ್ಲರ ಪಾಲಿನದೂ ನನಗೇ ಬಂತು. ನಡುನಡುವೆ ಉತ್ತರ ಕೊಡದಿದ್ದರೆ ಮೊಣಕೈಯಿಂದ ತಿವಿಯುತ್ತಿದ್ದಳು. ಹಾರ್ನಣ್ಣ ಕಂಬಿಗೆ ಜೋತುಬಿದ್ದು, ಕುತ್ತಿಗೆಯಿಂದ ಬುಸ್ ಬುಸ್ ಎನ್ನುತ್ತಿದ್ದ.

ಇಷ್ಟು ಅವಮಾನ ನನಗೆ ಜನ್ಮದಲ್ಲಿ ಆಗಿರಲಿಲ್ಲ. ಕಿವಿ ಇನ್ನೂ ಬಿಸಿಯಾಗಿವೆ. ಇವಳಿಗೆ ಹೇಳಿದರೆ ಬಾಗಿಲಿಗೆ ಒರಗಿಕೊಂಡು, ಸೆರಗು ಬಾಯಿಗೆ ಒತ್ತಿಕೊಂಡು, ನಗುತ್ತಿದ್ದಾಳೋ ಅಳುತ್ತಿದ್ದಾಳೋ ತಿಳಿಯದ ಹಾಗೆ ನಿಂತುಬಿಟ್ಟಳು.

ನಾಳೆ ಕ್ಲಾಸು. ಹಾರ್ನಣ್ಣನೂ ಬರುತ್ತಾನೆ. ಅದೇ ಬಸ್ಸು. ಆ ಅಜ್ಜಿ ದಿನಾ ಅದರಲ್ಲೇ ಬರುವವಳಂತೆ.